ಮೀನಣ್ಣನ ಮನೆಗೆ ಬೀಗಿತ್ತಿ ಬಂದದ್ದು

ನಮ್ಮ ಓಣಿಯಲ್ಲಿ ಮೀನಣ್ಣ ಎಂದರೆ ಮೀನು ಹಿಡಿಯುವವನಲ್ಲ, ಮಾರುವವನೂ ಅಲ್ಲ. ಮೀನು ಹಂಚುವವನು. ನಗರಸಭೆಯ ಸೊಳ್ಳೆ ವಿಭಾಗದಲ್ಲಿ ಅವನಿಗೆ ಕೆಲಸ. ಸೊಳ್ಳೆ ವಿಭಾಗ ಎಂದರೆ ಸೊಳ್ಳೆಗಳನ್ನು ಚೆನ್ನಾಗಿ ನೋಡಿಕೊಳ್ಳುವ ವಿಭಾಗವೇ ಎಂದು ನಾನೊಮ್ಮೆ ನಾಲ್ಕು ಜನರ ಮುಂದೆ ಕೇಳಿದ್ದೆ. ಅವನು ನಗದೆ, "ನೋಡ್ಕೊಳ್ಳೋದೇನು ಸಾರ್, ಅವು ತಮ್ಮ ಪಾಡಿಗೆ ತಾವು ಬೆಳ್ಕೋತವೆ. ಪಾಪ, ಇಲಾಖೆಗೆ ಒಂದು ದಿನಾನೂ ತೊಂದರೆ ಕೊಟ್ಟಿಲ್ಲ" ಎಂದ. ಹಾಸ್ಯ ಬರೆಯುವವನು ನಾನು. ಜನ ನಕ್ಕಿದ್ದು ಅವನ ಮಾತಿಗೆ.

ಮೀನಿಗಿಂತ ಮೊದಲು ಅವನು ಹೊಗೆಯಣ್ಣನಾಗಿದ್ದ. ಹೊಗೆ ಬಿಡುವ ಮೆಷಿನ್ನನ್ನು ಹೆಗಲಿಗೆ ನೇತುಹಾಕಿಕೊಂಡು ಅವನು ಓಣಿಗೆ ಕಾಲಿಟ್ಟನೆಂದರೆ ಮಕ್ಕಳು ಕುಣಿಯುತ್ತಿದ್ದವು, ಮುದುಕರು ಕೆಮ್ಮುತ್ತಿದ್ದರು, ಎಲ್ಲರ ಕಣ್ಣಲ್ಲೂ ನೀರು. "ಕೆಲಸ ಅಂದ್ರೆ ಇದಪ್ಪಾ!" ಎಂದು ಓಣಿಯೇ ಮೆಚ್ಚುತ್ತಿತ್ತು. ಹೊಗೆ ನೋಡಲು ನಾವು ಮನೆಯಿಂದ ಬೀದಿಗೆ ಬರುತ್ತಿದ್ದೆವು. ಹೊಗೆ ತಾಳಲಾರದೆ ಸೊಳ್ಳೆಗಳು ಬೀದಿಯಿಂದ ಮನೆಯೊಳಗೆ ಹೋಗುತ್ತಿದ್ದವು. ಹೊಗೆ ಇಳಿದ ಮೇಲೆ ನಾವೂ ಒಳಗೆ ಹೋಗಿ ಅವುಗಳ ಜೊತೆ ಊಟಕ್ಕೆ ಕೂರುತ್ತಿದ್ದೆವು.

ಆಮೇಲೆ ಮೇಲಿನವರಿಗೆ ಜ್ಞಾನೋದಯವಾಯಿತು. ಸೊಳ್ಳೆಯನ್ನು ಗಾಳಿಯಲ್ಲಿ ಅಟ್ಟಿಸಿಕೊಂಡು ಹೋಗಿ ಫಲವಿಲ್ಲ, ನೀರಿನಲ್ಲಿ ಮರಿಹುಳವಾಗಿರುವಾಗಲೇ ಮುಗಿಸಬೇಕು ಎಂದರು. ಮೆಷಿನ್ನು ಮೂಲೆಗೆ ಬಿತ್ತು. ಅವನ ಕೈಗೆ ಒಂದು ಬಕೆಟ್ಟು, ಒಂದು ಟಾರ್ಚು, ಒಂದು ಸಣ್ಣ ಬಲೆ ಬಂದವು. ಬಕೆಟ್ಟಿನಲ್ಲಿ ಗಪ್ಪಿ ಮೀನುಗಳು. ಉಗುರಿನಷ್ಟು ಉದ್ದದ ಈ ಮೀನಿಗೆ ಸೊಳ್ಳೆಯ ಮರಿಹುಳವೇ ಆಹಾರ.

ನಮ್ಮ ಓಣಿಗಾದರೋ ಇದು ಹೇಳಿ ಮಾಡಿಸಿದಂಥ ಉಪಾಯ. ಒಂದು ತುದಿಗೆ ಪೇಟೆ ಬೀದಿ, ಇನ್ನೊಂದು ತುದಿಗೆ ನದಿ, ನಡುವೆ ಒಂದರ ಹೆಗಲ ಮೇಲೊಂದು ತಲೆಯಿಟ್ಟಂತೆ ಮನೆಗಳು. ನಾನು ಸೀನಿದರೆ ಎದುರುಮನೆಯ ಟೈಲರ್ ಹೊಲಿಗೆ ತಪ್ಪುತ್ತಾನೆ. ನದಿ ತುಂಬಿ ಹರಿಯುತ್ತದೆ, ಆದರೆ ನಲ್ಲಿಗೆ ಆ ಸುದ್ದಿ ತಿಳಿಯುವುದು ದಿನ ಬಿಟ್ಟು ದಿನ. ಹಾಗಾಗಿ ಎಲ್ಲರ ಮನೆಯಲ್ಲೂ ಡ್ರಮ್ಮು, ತೊಟ್ಟಿ, ಕೊಡ, ಬಾನಿ. ಮೆಟ್ಟಿಲ ಕೆಳಗೆ ನೀರು, ಮಂಚದ ಕೆಳಗೆ ನೀರು. "ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ, ಹೊಸ ನೀರು ತುಂಬಿಸ್ರಮ್ಮ" ಎಂದು ಹಿಂದೆ ಅವನು ಹೇಳಿದಾಗ, ಚೆಲ್ಲು ಎಂದವನನ್ನೇ ನದಿಗೆ ಚೆಲ್ಲುವಂತೆ ನೋಡಿದ್ದರು. ಮೀನಿಗೆ ಮಾತ್ರ ಯಾರೂ ಬೇಡವೆನ್ನಲಿಲ್ಲ. ಮೀನು ಯಾರಿಗೂ ಏನನ್ನೂ ಚೆಲ್ಲಿ ಎನ್ನುವುದಿಲ್ಲ.

ಹೀಗೆ ಎಲ್ಲ ಸುಖವಾಗಿದ್ದಾಗ ಮೀನಣ್ಣನ ಮಗಳು ಬಸುರಿಯಾದಳು.

ಮಗಳನ್ನು ಕೊಟ್ಟಿದ್ದು ಇದೇ ಊರಿನ ಎತ್ತರದ ಬಡಾವಣೆಗೆ. ಅಲ್ಲಿ ಗಾಳಿ ಚೆನ್ನಾಗಿದೆ, ಸೊಳ್ಳೆ ಇಲ್ಲ ಎಂದು ಅಲ್ಲಿಯವರೇ ಹೇಳುತ್ತಾರೆ. ದಿನ ಹತ್ತಿರ ಬಂದ ಹಾಗೆ ಹುಡುಗಿಗೆ ಅಮ್ಮನ ಹತ್ತಿರ ಇರಬೇಕೆನಿಸಿತು. ಫೋನಿನಲ್ಲಿ ಅಳಲು ಶುರುಮಾಡಿದಳು. ಅವಳ ಅತ್ತೆ, ಅಂದರೆ ನಮ್ಮ ಮೀನಣ್ಣನ ಬೀಗಿತ್ತಿ, ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತರಾದವರು. ಹುದ್ದೆಯಿಂದ ಮಾತ್ರ ನಿವೃತ್ತರು.

"ನೋಡಿ ಬೀಗರೇ," ಎಂದರು ಆಕೆ ಫೋನಿನಲ್ಲಿ, "ಮಗಳ ಮೇಲೆ ನಿಮಗಿರೋ ಆಸೆ ನನಗೆ ಗೊತ್ತಾಗುತ್ತೆ. ಆದ್ರೆ ನಿಮ್ಮದು ನದಿ ಪಕ್ಕದ ಓಣಿ. ತುಂಬು ಬಸುರಿಗೆ ಡೆಂಗಿ ಬಂದ್ರೆ ಎರಡು ಜೀವ. ಭಾನುವಾರ ಅವಳನ್ನ ಕರ್ಕೊಂಡು ನಾನೇ ಬರ್ತೀನಿ. ಸೊಳ್ಳೆ ಇಲ್ದಿದ್ರೆ ಬಿಟ್ಟು ಬರ್ತೀನಿ. ಇದ್ರೆ ಬ್ಯಾಗ್ ಸಮೇತ ವಾಪಸ್."

"ಬನ್ನಿ ಬನ್ನಿ," ಎಂದ ಮೀನಣ್ಣ. "ಸೊಳ್ಳೆನೇ ಇಲ್ಲ. ಮನೆಮನೆಗೂ ಮೀನು ಬಿಟ್ಟಿದೀನಿ."

ಫೋನು ಇಟ್ಟ ಮೇಲೆ ಅವನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಯಾಕ್ರೀ ಹಾಗಂದ್ರಿ? ಮಾತಾಡ್ತಾ ಮಾತಾಡ್ತಾನೇ ಮೂರು ಸಲ ಕಾಲು ಕೆರ್ಕೊಂಡ್ರಲ್ಲ!"

"ಮತ್ತೇನು ಹೇಳ್ಲಿ? ಸೊಳ್ಳೆ ಇಲಾಖೆಯವನು ನಾನು. ನಮ್ಮನೇಲಿ ಸೊಳ್ಳೆ ಇದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅಂದಿನಿಂದ ಅವನು ಟಾರ್ಚು ಹಿಡಿದು ಓಣಿಯ ಡ್ರಮ್ಮುಗಳಿಗೆಲ್ಲ ತಲೆಹಾಕತೊಡಗಿದ. ಎಲ್ಲಿ ನೋಡಿದರೂ ಒಂದೇ ಕಥೆ. ಮೀನೂ ಇದೆ, ಮರಿಹುಳವೂ ಇದೆ. ಎರಡೂ ಆರೋಗ್ಯವಾಗಿವೆ. ಒಂದು ದಿನ ನಮ್ಮ ಮನೆಯ ಡ್ರಮ್ಮಿನಿಂದ ತಲೆ ಹೊರತೆಗೆದು ಅವನು ಹೇಳಿದ: "ಇಂಥದ್ದು ನಾನು ಕಂಡಿಲ್ಲ ಸಾರ್. ಹುಳ ಮೂತಿ ಮುಂದೇನೇ ಓಡಾಡುತ್ತೆ. ಇದು ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ."

"ಒಂದೇ ಡ್ರಮ್ಮಲ್ಲಿದ್ದು ಪರಿಚಯ ಆಗಿರ್ಬೇಕು," ಎಂದೆ.

"ಸುಮ್ನಿರಿ ಸಾರ್. ಮಗಳು ಬರೋದು ಇದರ ಮೇಲೆ ನಿಂತಿದೆ."

ಹುಡುಗಿ ನಮ್ಮೆಲ್ಲರ ಕಣ್ಣೆದುರು ಬೆಳೆದವಳು. ಓಣಿಯವರೆಲ್ಲ ಮೆಟ್ಟಿಲ ಮೇಲೆ ಸೇರಿ ಆಲೋಚಿಸಿದೆವು. ಸೊಳ್ಳೆಯನ್ನು ಭಾನುವಾರದೊಳಗೆ ಓಡಿಸುವುದು ನಮ್ಮಿಂದಾಗದು. ಸೊಳ್ಳೆ ಇಲ್ಲದಂತೆ ಇರುವುದು ಆಗುತ್ತದೆ. ಬೀಗಿತ್ತಿಯ ಎದುರು ಯಾರೂ ಸೊಳ್ಳೆ ಹೊಡೆಯಕೂಡದು, ಮೈ ಕೆರೆಯಕೂಡದು, ಕಿವಿಯ ಬಳಿ ಕೈ ಬೀಸಕೂಡದು ಎಂದು ತೀರ್ಮಾನವಾಯಿತು. ಸಲಹೆ ಯಾರದೆಂದು ಈಗ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ.

ಭಾನುವಾರ ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ ಅವರು ಬಂದರು. ಬೀಗಿತ್ತಿ ಕುರ್ಚಿಯಲ್ಲಿ ಕೂತರು. ಹುಡುಗಿ ಮಂಚದ ಮೇಲೆ ಕೂತಳು, ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು. ಮೀನಣ್ಣ ಸ್ಟೂಲಿನ ಅಂಚಿಗೆ ಅಂಟಿಕೊಂಡಿದ್ದ. ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ. ನಾಲ್ಕು ಒಳ್ಳೆಯ ಮಾತಾಡಲೆಂದು ನನ್ನನ್ನು, ನಾನು ಮಾತಾಡಿ ಕೆಡಿಸದಿರಲೆಂದು ಟೈಲರನನ್ನು ಕರೆದಿದ್ದರು.

ಸೊಳ್ಳೆಗಳಿಗೂ ಹೇಳಿ ಕಳಿಸಿದ್ದಂತೆ ಕಂಡಿತು.

ಮೊದಲನೆಯದು ನನ್ನ ಪಾದದ ಮೇಲೆ ಕೂತಿತು. ನಾನು ನದಿಯ ಗಾಳಿ ಮೈಗೆ ಎಷ್ಟು ಒಳ್ಳೆಯದೆಂದು ವಿವರಿಸುತ್ತಿದ್ದೆ. ಅದು ನಿಧಾನವಾಗಿ ಊಟ ಮುಗಿಸಿತು. ನಾನು ವಾಕ್ಯ ಮುಗಿಸಿದೆ. ಇನ್ನೊಂದು ಟೈಲರನ ಮೂಗಿನ ತುದಿಯಲ್ಲಿ ಇಳಿಯಿತು. ಅವನು ಎರಡೂ ಕಣ್ಣುಗಳಿಂದ ಅದನ್ನೇ ನೋಡುತ್ತ ಕಲ್ಲಾಗಿ ಕೂತ.

"ಯಾಕಪ್ಪಾ, ನಿಮ್ಮ ಕಣ್ಣು ಹಾಗೆ?" ಎಂದರು ಬೀಗಿತ್ತಿ.

"ಹುಟ್ಟಿದಾಗಿಂದ ಹೀಗೇನೇ ಅಮ್ಮಾ," ಎಂದ ಟೈಲರ್, ತುಟಿ ಅಲುಗಿಸದೆ.

ಬೀಗಿತ್ತಿಯ ಕತ್ತಿನ ಮೇಲೂ ಒಂದು ಕೂತಿತ್ತು. ಆಕೆ ಹುಬ್ಬನ್ನಷ್ಟೇ ಸ್ವಲ್ಪ ಏರಿಸಿದರು, ಕೈ ಎತ್ತಲಿಲ್ಲ. ಕೋಣೆಯಲ್ಲಿ ಎಲ್ಲರೂ ಅಷ್ಟು ಮರ್ಯಾದಸ್ಥರಾಗಿ ಕೂತಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ಪರವಾಗಿಲ್ಲ, ಮನೆ ಚೊಕ್ಕಟವಾಗಿದೆ," ಎಂದು ಆಕೆ ಒಪ್ಪಿಗೆಯ ಹತ್ತಿರ ಬರುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖ ಅರಳತೊಡಗಿತ್ತು.

ಆಗ ಒಂದು ಸೊಳ್ಳೆ ಹುಡುಗಿಯ ತೋಳಿನ ಮೇಲೆ ಇಳಿಯಿತು. ಕಾಲಿಗೆ ಬಿಳಿ ಪಟ್ಟೆಯದ್ದು. ಡೆಂಗಿ ತರುವ ಜಾತಿ ಇದೇ ಎಂದು ಮೀನಣ್ಣ ನಮಗೆಲ್ಲ ಹೇಳಿಕೊಟ್ಟಿದ್ದ. ಎಲ್ಲರೂ ನೋಡಿದೆವು. ಹುಡುಗಿಯೂ ನೋಡಿದಳು. ಅಪ್ಪನ ಮುಖ ನೋಡಿದಳು, ತೋಳು ಅಲುಗಿಸಲಿಲ್ಲ. ಇನ್ನೊಂದು ನಿಮಿಷ ತಡೆದುಕೊಂಡರೆ ಅವಳು ಮನೆಯಲ್ಲೇ ಉಳಿಯುತ್ತಾಳೆ.

ಮೀನಣ್ಣ ಎದ್ದು ಬಂದು ಪಟ್ಟನೆ ಹೊಡೆದ.

"ಏನದು ಬೀಗರೇ?"

ಅವನು ಅಂಗೈ ಬಿಚ್ಚಿ ತೋರಿಸಿದ. "ಸೊಳ್ಳೆ."

"ಇಲ್ಲ ಅಂದಿದ್ರಿ."

"ಇದೆ. ಬೇಕಾದಷ್ಟಿದೆ. ಇವರೆಲ್ಲ ನನಗೋಸ್ಕರ ಕಚ್ಚಿಸ್ಕೊಂಡು ಕೂತಿದಾರೆ. ಟೈಲರ್ ಮೂಗು ನೋಡಿ."

ಟೈಲರನ ಕೈ ಅಷ್ಟು ಹೊತ್ತಿಗೆ ಮೂಗಿನ ಮೇಲಿತ್ತು. ನಾನು ಪಾದಕ್ಕೆ, ಮೀನಣ್ಣನ ಹೆಂಡತಿ ಕೆನ್ನೆಗೆ, ಬೀಗಿತ್ತಿ ಕತ್ತಿಗೆ, ಎಲ್ಲರೂ ಒಟ್ಟಿಗೆ ಹೊಡೆದುಕೊಂಡೆವು. ದೊಡ್ಡ ಭಾಷಣ ಮುಗಿದ ಮೇಲೆ ಸಭೆಯಲ್ಲಿ ಬರುವಂಥ ಸದ್ದು ಬಂತು.

"ನಾನೂ ಮರ್ಯಾದೆಗೆ ಅಂತ ಸುಮ್ನಿದ್ದೆ," ಎಂದರು ಬೀಗಿತ್ತಿ, ಕತ್ತು ಉಜ್ಜುತ್ತ. ಆಮೇಲೆ ಎದ್ದು ನಿಂತು ಸೊಸೆಗೆ, "ಬ್ಯಾಗ್ ತಗೋಮ್ಮ," ಎಂದರು.

ಹುಡುಗಿ ಬ್ಯಾಗಿನ ಹಿಡಿ ಹಿಡಿದಳು, ಏಳಲಿಲ್ಲ. ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಮೀನಣ್ಣ ಗೋಡೆ ನೋಡುತ್ತ ನಿಂತ. ಅವನನ್ನು ಹಾಗೆ ನೋಡಲಾರದೆ ನಾನು ಮತ್ತೆ ನದಿಯ ಗಾಳಿಯ ವಿಷಯ ಎತ್ತಿದೆ. ಟೈಲರ್ ನನ್ನ ಕಾಲು ತುಳಿದ.

ಬೀಗಿತ್ತಿ ಬಾಗಿಲ ತನಕ ಹೋದವರು ನಿಂತರು. "ಮೀನು ಮೀನು ಅಂತ ಫೋನಲ್ಲಿ ಅಷ್ಟೊಂದು ಹೇಳಿದ್ರಲ್ಲ. ಎಲ್ಲಿ, ತೋರಿಸಿ ನೋಡೋಣ."

ಮೆಟ್ಟಿಲ ಕೆಳಗಿನ ಡ್ರಮ್ಮಿನ ಬಳಿಗೆ ಎಲ್ಲರೂ ಹೋದೆವು. ಮೀನಣ್ಣ ಟಾರ್ಚು ಬಿಟ್ಟ. ಮೀನುಗಳು ತಳದಲ್ಲಿ ಊಟವಾದ ಮೇಲೆ ಅಡ್ಡಾದ ಗೃಹಸ್ಥರಂತಿದ್ದವು. ಮೇಲೆ ಮರಿಹುಳಗಳು ನಿರಾತಂಕವಾಗಿ ಕುಣಿಯುತ್ತಿದ್ದವು. ಅದೇ ಹೊತ್ತಿಗೆ ಮಹಡಿಯ ಮನೆಯ ಅಜ್ಜಿ ಕೈಯಲ್ಲಿ ಬಟ್ಟಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು. ನಮ್ಮನ್ನೆಲ್ಲ ಸರಿಸಿ, "ಬನ್ರೋ ನನ್ನ ಕಂದಮ್ಮಗಳಾ" ಎನ್ನುತ್ತ ಡ್ರಮ್ಮಿಗೆ ಒಂದು ಹಿಡಿ ಅನ್ನ ಉದುರಿಸಿದರು. ತಳದಲ್ಲಿದ್ದ ಗೃಹಸ್ಥರೆಲ್ಲ ಎದ್ದು ಬಂದರು. ಹುಳಗಳನ್ನು ಪಕ್ಕಕ್ಕೆ ತಳ್ಳಿ ಅಗುಳಿಗೆ ಬಾಯಿ ಹಾಕಿದರು.

ಮೀನಣ್ಣನ ಟಾರ್ಚು ಅಜ್ಜಿಯ ಮುಖಕ್ಕೆ ತಿರುಗಿತು. "ಅಜ್ಜೀ! ಏನಿದು?"

"ಏನು ಅಂದ್ರೆ? ಎಷ್ಟೋ ದಿನದಿಂದ ಹಾಕ್ತಿದೀನಿ. ನಿಮ್ಮ ಬೀಗರು ಬರ್ತಾರೆ ಅಂತ ಗೊತ್ತಾದ ಮೇಲೆ ಎರಡು ಹೊತ್ತೂ ಹಾಕ್ತಿದೀನಿ. ಸೊರಗಿದ ಮೀನು ತೋರಿಸಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

ಟೈಲರ್ ಗಂಟಲು ಸರಿಮಾಡಿಕೊಂಡ. "ನಾನು ಬರೀ ಬಿಸ್ಕೆಟ್ ಪುಡಿ. ನಮ್ಮ ಡ್ರಮ್ಮಿಗಷ್ಟೇ." ಸದ್ದು ಕೇಳಿ ಬಂದಿದ್ದ ನನ್ನ ಹೆಂಡತಿ, "ನಾವು ಬ್ರೆಡ್ಡಿನ ಅಂಚು," ಎಂದಳು. ಬ್ರೆಡ್ಡಿನ ಅಂಚು ನನಗೆ ಇಷ್ಟ. ಈಚೆಗೆ ಅದು ನನ್ನ ತಟ್ಟೆಗೆ ಏಕೆ ಬರುತ್ತಿಲ್ಲವೆಂದು ಆಗ ತಿಳಿಯಿತು. ಮೀನಣ್ಣ ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕುಸಿದ. ಮೀನು ಬಿಡುವಾಗ ಮನೆಮನೆಯಲ್ಲೂ ಅವನು ಎಲ್ಲವನ್ನೂ ಹೇಳಿದ್ದ. ಅವಕ್ಕೆ ಊಟ ಹಾಕಬೇಡಿ ಎನ್ನುವುದೊಂದನ್ನು ಹೇಳಿರಲಿಲ್ಲ. ಹಾಕುವವರೂ ಇರುತ್ತಾರೆಂದು ಅವನ ಇಲಾಖೆಗೆ ಹೊಳೆದಿರಲಿಲ್ಲ.

ಬೀಗಿತ್ತಿ ಡ್ರಮ್ಮಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು.

"ಹಾಸ್ಟೆಲ್ಲಲ್ಲೂ ಇದೇ ಕಥೆ," ಎಂದರು ಕೊನೆಗೆ. "ಹೊರಗೆ ತಿಂದು ಬಂದವರು ಮೆಸ್ಸಲ್ಲಿ ತಟ್ಟೆ ಮುಟ್ಟಲ್ಲ."

ನಮಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಕೆ ಮೀನಣ್ಣನ ಕಡೆ ತಿರುಗಿದರು. "ಬೀಗರೇ, ನಮ್ಮ ಕಡೆ ಸೊಳ್ಳೆ ಇಲ್ಲ ಅಂತ ಹೇಳ್ಕೋತೀವಲ್ಲ, ಇದೆ. ಇವಳಿಗೆ ಅಲ್ಲೂ ಕಚ್ಚುತ್ತೆ. ನನ್ನ ಮಗ ಕಾಲು ಚಾಚ್ಕೊಂಡು ಕೂತು, 'ಅಮ್ಮಾ, ಅವಳಿಗೆ ಸೊಳ್ಳೆ ಕಚ್ತಿದೆ ನೋಡು' ಅಂತ ಅಲ್ಲಿಂದಲೇ ಹೇಳ್ತಾನೆ. ಏಳಲ್ಲ. ನೀವು ಎದ್ದು ಬಂದ್ರಿ. ಹುಡುಗಿ ಇಲ್ಲೇ ಇರ್ಲಿ."

ಎಲ್ಲರೂ ಉಸಿರು ಬಿಟ್ಟೆವು.

"ನಾನೂ ಇರ್ತೀನಿ," ಎಂದರು ಬೀಗಿತ್ತಿ. "ಈ ಮೀನುಗಳಿಗೆ ಯಾರು ಊಟ ಹಾಕ್ತಾರೋ ನೋಡ್ತೀನಿ."

ಬಿಟ್ಟ ಉಸಿರನ್ನು ಹಿಂದಕ್ಕೆ ಎಳೆದುಕೊಂಡೆವು. ಆದರೆ ಹುಡುಗಿ ಆಗಲೇ ಒಳಗೆ ಹೋಗಿ ಬ್ಯಾಗಿನಿಂದ ಬಟ್ಟೆ ತೆಗೆದು ಮಂಚದ ಮೇಲೆ ಹರಡುತ್ತಿದ್ದಳು. ಅವಳ ಅಮ್ಮ ಅದನ್ನು ಮಡಿಸುವ ನೆಪದಲ್ಲಿ ಪಕ್ಕದಲ್ಲೇ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

ಈಗ ಬೀಗಿತ್ತಿ ದಿನವೂ ಬೆಳಗ್ಗೆ ಓಣಿಯ ಡ್ರಮ್ಮುಗಳನ್ನು ಸುತ್ತುತ್ತಾರೆ. ಬಟ್ಟಲು ಹಿಡಿದು ಇಳಿಯುವ ಅಜ್ಜಿಯನ್ನು ಅರ್ಧ ಮೆಟ್ಟಿಲಲ್ಲೇ ನಿಲ್ಲಿಸಿ ವಾಪಸ್ಸು ಕಳಿಸುತ್ತಾರೆ. ಇಬ್ಬರಿಗೂ ಮಾತಿಲ್ಲ. ನನ್ನ ಹೆಂಡತಿ ಬ್ರೆಡ್ಡಿನ ಅಂಚನ್ನು ನನಗೆ ಕೊಡುತ್ತಿದ್ದಾಳೆ, ಮೀನಿಗೆ ಸಿಗುತ್ತಿದ್ದ ಪ್ರೀತಿ ಅದರ ಜೊತೆ ಬರುವುದಿಲ್ಲ. ಮೀನುಗಳು ಮೊದಮೊದಲು ಮುನಿಸಿಕೊಂಡು ಮೇಲೆ ನೋಡುತ್ತ ಕಾದವು. ಆಮೇಲೆ ವಿಧಿಯಿಲ್ಲದೆ ಕೆಲಸಕ್ಕೆ ಇಳಿದವು.

ಮೊನ್ನೆ ಮಧ್ಯಾಹ್ನ ಆ ಕಡೆ ಹೋಗಿದ್ದೆ. ಒಳಕೋಣೆ ಬೀಗಿತ್ತಿಗೆ, ಮುಂದಿನ ಕೋಣೆಯ ಮಂಚ ಮಗಳಿಗೆ ಹೋಗಿದ್ದರಿಂದ ಮೀನಣ್ಣ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಬಾಗಿಲ ಸಂದಿಯಿಂದ ಸೊಳ್ಳೆಪರದೆಯೊಳಗೆ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ ಹುಡುಗಿ ಕಾಣುತ್ತಿದ್ದಳು.

"ಹೇಗಪ್ಪಾ ಈಗ ಸೊಳ್ಳೆ?" ಎಂದೆ.

"ಇದೆ ಸಾರ್, ಕಮ್ಮಿ ಆಗಿದೆ," ಎಂದು ಅವನು ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಎಳೆದ. "ಸ್ವಲ್ಪ ಮೆಲ್ಲಗೆ ಮಾತಾಡಿ. ಈಗ ತಾನೇ ನಿದ್ದೆ ಹತ್ತಿದೆ ಅವಳಿಗೆ."