ಅನುಮಾನಪ್ಪನ ಭಾನುವಾರಗಳು

ನನ್ನ ಗಂಡನಿಗೆ ಗೆಳೆಯರು ಇಟ್ಟ ಹೆಸರು ಅನುಮಾನಪ್ಪ. ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಹಾಲಿನವನು ಹತ್ತು ನಿಮಿಷ ಬೇಗ ಬಂದರೂ ಇದರಲ್ಲೇನೋ ಮಸಲತ್ತಿದೆ ಎನ್ನುವ ಮನುಷ್ಯ.

ವಾರವಿಡೀ ಮೊಬೈಲ್ ರಿಪೇರಿ ಅಂಗಡಿ. ಭಾನುವಾರ ಮಾತ್ರ ಊಟದ ಮೇಜು ಅವರ ಪಾಲು. ಕಂಪನಿ ಕೈಬಿಟ್ಟ ಒಂದು ಹಳೆಯ ಫೋನಿಗೆ ಇವರೇ ತಿದ್ದಿ ಹೊಂದಿಸಿದ ಆಪರೇಟಿಂಗ್ ಸಿಸ್ಟಂ, ಅಂದರೆ ಫೋನನ್ನು ನಡೆಸುವ ತಂತ್ರಾಂಶ, ಇದೆ. ಅದರ ಮೂಲವನ್ನು ಬರೆಯುವ ತಂಡ ಎಲ್ಲೋ ದೂರದಲ್ಲಿದ್ದು, ತಿಂಗಳಿಗೊಮ್ಮೆ ಬದಲಾವಣೆಗಳನ್ನು ಬಿಡುತ್ತದೆ. ಇವರು ಅವನ್ನು ಇಳಿಸಿಕೊಂಡು ತಮ್ಮ ತಿದ್ದುಪಡಿಗಳೊಡನೆ ಬೆರೆಸಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕೋಡಿನ ಒಂದೊಂದು ಸಾಲನ್ನೂ ಹುಡುಕಿ ನೋಡುತ್ತಾರೆ. ಒಂದೇ ಜಾಗವನ್ನು ಅವರೂ ಇವರೂ ಬದಲಾಯಿಸಿದ್ದರೆ ಕಂಪ್ಯೂಟರು ನಿಂತು, ಯಾವುದು ಇರಲಿ ಎಂದು ಕೇಳುತ್ತದೆ. ಇವರ ಉತ್ತರ ಯಾವಾಗಲೂ ಒಂದೇ: ನಮ್ಮದೇ ಇರಲಿ.

ಇಷ್ಟೆಲ್ಲ ಪಾಡು ನಮ್ಮ ಜೊತೆಗೇ ಇರುವ ಅವರ ಅಕ್ಕನಿಗಾಗಿ. ಅಕ್ಕನ ಕಣ್ಣು ಮಂಜಾಗಿ ಆರು ವರ್ಷವಾಯಿತು. ದಪ್ಪ ಗುಂಡಿಗಳ ಆ ಫೋನು, ಕರೆ ಮಾಡಿದವರು ಯಾರೆಂದು ಬಾಯಿಬಿಟ್ಟು ಹೇಳುತ್ತದೆ. ಅಕ್ಕನ ಹೆಸರು ಆಸ್ಪತ್ರೆಯಲ್ಲಿ ಕಣ್ಣಿಗಾಗಿ ಕಾಯುವವರ ಪಟ್ಟಿಯಲ್ಲಿತ್ತು. ದಾನದ ಕಣ್ಣು ಸಿಕ್ಕಿದ ಕೂಡಲೇ ಫೋನ್ ಮಾಡುತ್ತೇವೆ, ಎತ್ತದಿದ್ದರೆ ಮುಂದಿನವರಿಗೆ ಹೋಗುತ್ತದೆ ಎಂದಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯವರು ಮೂರು ಸಲ ಕರೆ ಮಾಡಿದರಂತೆ. ಫೋನು ಅಕ್ಕನ ಮಡಿಲಲ್ಲೇ ಇತ್ತು. ಒಂದು ಸಲವೂ ಬಡಿದುಕೊಳ್ಳಲಿಲ್ಲ. ಎರಡು ದಿನದ ಮೇಲೆ ನರ್ಸು ಮನೆಯ ಫೋನಿಗೆ ಮಾಡಿ, ಯಾಕೆ ಎತ್ತಲಿಲ್ಲ ಎಂದು ಕೇಳಿದಾಗಲೇ ನಮಗೆ ಗೊತ್ತಾದದ್ದು.

ಇವರು ಕೆಂಡಾಮಂಡಲವಾದರು. ಮೂಲ ತಂಡಕ್ಕೆ ಹೊಸದಾಗಿ ಸೇರಿದವನೊಬ್ಬ ಕರೆಗಳ ಭಾಗವನ್ನೇ ತಿದ್ದಿದ್ದ.

"ಅವನದೇ ಕೈವಾಡ ಅಕ್ಕಾ. ಮೊದಲಿಂದಲೂ ಅವನ ಮೇಲೆ ನನಗೆ ಡೌಟು. ಪುಕ್ಕಟೆಯಾಗಿ ಯಾರಾದ್ರೂ ಇಷ್ಟು ಕೆಲಸ ಮಾಡ್ತಾರಾ?"

"ನೀವು ಮಾಡೋದೂ ಪುಕ್ಕಟೆನೇ ಅಲ್ವೇನ್ರೀ?" ಅಂದೆ. ನನ್ನನ್ನೂ ಒಮ್ಮೆ ಸಂಶಯದಿಂದ ನೋಡಿದರು.

ಎರಡು ದಿನ ಅಂಗಡಿ ಮುಚ್ಚಿ ಹೊಸಬನ ಸಾಲುಗಳನ್ನೆಲ್ಲ ಜಾಲಾಡಿದರು. ತಮ್ಮ ಫೋನಿನಿಂದ ಅಕ್ಕನ ಫೋನಿಗೆ ಕರೆ ಮಾಡುವುದು, ಅದು ಬಡಿದುಕೊಳ್ಳುವುದು, ಇವರು ಹಲ್ಲು ಕಡಿಯುವುದು. ನನಗೆ ತಡೆಯಲಾಗಲಿಲ್ಲ. "ನಿಮ್ಮ ನಂಬರು ಅದರಲ್ಲಿ ಇದೆಯಲ್ಲಾ. ಆಸ್ಪತ್ರೆಯವರದು ಇರಲಿಲ್ಲ. ಇಲ್ಲದಿರೋ ನಂಬರಿಂದ ಮಾಡಿ ನೋಡಿ," ಎಂದು ಮೇಲಿನ ಮನೆಯಾಕೆಯ ಫೋನು ತಂದುಕೊಟ್ಟೆ. ಮಾಡಿದರು. ಅಕ್ಕನ ಫೋನು ಸುಮ್ಮನಿತ್ತು.

ಇವರು ಈಗ ತಾವು ಬರೆದ ಸಾಲುಗಳನ್ನು ತೆರೆದು ನೋಡಿದರು. ನಾಲ್ಕು ವರ್ಷದ ಹಿಂದೆ ಜಾಹೀರಾತಿನವರ ಕಾಟ ತಾಳಲಾರದೆ, ಅಂಥ ನಂಬರುಗಳಿಂದ ಕರೆ ಬಂದರೆ ಫೋನು ಬಡಿದುಕೊಳ್ಳದಂತೆ ಇವರೇ ಒಂದು ಸಾಲು ಬರೆದಿದ್ದರು. ಈಚೆಗೆ ಮೂಲ ತಂಡ ನಂಬರುಗಳನ್ನು ಬರೆಯುವ ರೀತಿಯನ್ನೇ ಬದಲಿಸಿತ್ತು. ಅಲ್ಲಿಂದ ಇವರ ಹಳೆಯ ಸಾಲಿಗೆ ಅಪರಿಚಿತರೆಲ್ಲ ಜಾಹೀರಾತಿನವರೇ. ಹೊಸಬ ತಿದ್ದಿದ್ದು ಅದೇ ಜಾಗವನ್ನು. ಇಂಥ ಹಳೆಯ ಸಾಲುಗಳಿದ್ದರೆ ತೆಗೆದುಬಿಡಿ ಎಂದು ಟಿಪ್ಪಣಿಯನ್ನೂ ಹಾಕಿದ್ದ. ಕಂಪ್ಯೂಟರು ನಿಂತು ಕೇಳಿತ್ತು. ಇವರು ಎಂದಿನಂತೆ ನಮ್ಮದೇ ಇರಲಿ ಎಂದಿದ್ದರು. ಪರರ ತಟ್ಟೆಯ ನೊಣ ಹುಡುಕುವವರಿಗೆ ತಮ್ಮ ತಟ್ಟೆಯ ಹೆಗ್ಗಣ ಕಾಣದು ಅನ್ನುವುದು ಸುಳ್ಳಲ್ಲ.

"ಸಿಕ್ಕಿದನೇನೋ ಅವನು?" ಅಕ್ಕ ಕುರ್ಚಿಯಿಂದಲೇ ಕೇಳಿದರು.

"ನಾನೇ ಅಕ್ಕಾ," ಎಂದರು. ಸಾಲನ್ನೂ ಅದರ ಕಥೆಯನ್ನೂ ಒಂದೂ ಬಿಡದೆ ಹೇಳಿದರು.

ಅಕ್ಕ ಫೋನನ್ನು ಬೆರಳಿಂದ ಸವರಿದರು. "ನಿನ್ನ ಮೇಲೂ ಯಾರಾದ್ರೂ ಒಬ್ರು ಅನುಮಾನ ಪಡಬೇಕಿತ್ತು ಕಣೋ. ನಾನೂ ಪಡಲಿಲ್ಲ."

ಅವತ್ತೇ ಇವರು ಆ ಸಾಲನ್ನು ಅಳಿಸಿದರು. ಆಮೇಲೆ ತಾವು ಬರೆದಿದ್ದಷ್ಟನ್ನೂ ಆ ಹೊಸಬನಿಗೆ ಕಳಿಸಿ, ದಯವಿಟ್ಟು ತಪ್ಪು ಹುಡುಕಿಕೊಡಿ ಎಂದು ಬರೆದರು. ನನಗೆ ಅಯ್ಯೋ ಅನಿಸಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಆ ಕಣ್ಣು ಅಷ್ಟರಲ್ಲಿ ಇನ್ಯಾರಿಗೋ ಹೋಗಿ ಆಗಿತ್ತು.