ಅಕ್ಕ ಹೇಳಿದ ಹಂಡಿ

ಮೇಲಿನ ಮಹಡಿಯಲ್ಲಿ ಯಾರೋ ಫಾಲ್ಸ್ ಸೀಲಿಂಗ್ ಮಾಡಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಮೆಟ್ಟಿಲ ತುಂಬ ಪಿಒಪಿ ಪುಡಿಯ ವಾಸನೆ. ಒದ್ದೆ ಸುಣ್ಣದಂಥ, ಗಂಟಲಲ್ಲಿ ಕೂರುವ ವಾಸನೆ. ಬಾಗಿಲು ಹಾಕಿಕೊಂಡರೂ ಒಳಗೆ ಬಂತು. ಅದರ ಹಿಂದೆಯೇ ಎದುರು ಮನೆಯ ಅಕ್ಕ ನೆನಪಾದರು...

ದಾಂಡೇಲಿಯ ಈ ಅಪಾರ್ಟ್‌ಮೆಂಟಿಗೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ಹಳಿಯಾಳದ ಕಡೆಯವರು, ಒಬ್ಬರೇ. ಅಲ್ಲಿಯವರೆಗೆ ಬಾಡಿಗೆ ಮನೆಗಳಲ್ಲೇ ಕಳೆದವರು.

"ಒಂದ ಕ್ಯಾಲೆಂಡರ್ ತೂಗಹಾಕಬೇಕಂದ್ರೂ ಮಾಲಕರನ್ನ ಕೇಳಬೇಕಿತ್ತ ತಂಗಿ. ಇದು ನನ್ನ ಗ್ವಾಡಿ. ಎಲ್ಲಿ ಬೇಕಲ್ಲಿ ಮೊಳಿ ಹೊಡಿತೇನಿ," ಎಂದಿದ್ದರು.

ಆ ಮನೆಗೆ ಅವರು ಎಲ್ಲಕ್ಕಿಂತ ಮೊದಲು ಗೊತ್ತುಮಾಡಿದ್ದು ದೀಪವನ್ನು. ಅವರ ತಾಯಿ ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆ. ಅದಕ್ಕೆ ಮೈತುಂಬ ತೂತು ಕೊರೆಸಿ, ಬೋರಲು ಮಾಡಿ, ಒಳಗೆ ಬಲ್ಬ್ ಇಟ್ಟು ನಡುಮನೆಯ ಮಧ್ಯೆ ತೂಗುಹಾಕಬೇಕು. ಉಳಿದದ್ದೆಲ್ಲ ಆ ಬೆಳಕಿಗೆ ಹೊಂದಬೇಕು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಕೆಂಪು ಜಮಖಾನ ತಂದರು. ಸಿದ್ದಿ ಹೆಂಗಸರು ಹೊಲಿದ ಕೌದಿಯನ್ನು ಗೋಡೆಗೆ ಕಟ್ಟಿದರು. ಕೂರಲು ಜೊಯಿಡಾದ ಬಿದಿರಿನ ಮೋಡಾ, ರಾಮನಗರದಲ್ಲಿ ಸಿಕ್ಕ ಗೋವೆಯ ಹಳೇ ಆರಾಮಕುರ್ಚಿ. ಒಂದಕ್ಕೊಂದು ಸಂಬಂಧವಿಲ್ಲ ಅನಿಸುತ್ತಿತ್ತು. ಹಂಡೆ ಬರುವವರೆಗೆ ಅಕ್ಕ ಟಾರ್ಚಿಗೆ ಹಿಟ್ಟಿನ ಜರಡಿ ಅಡ್ಡ ಹಿಡಿದು ಒಂದೊಂದರ ಮೇಲೂ ಬೆಳಕು ಬೀಳಿಸಿ ನೋಡುವರು, ಸರಿಸುವರು, ಮತ್ತೆ ನೋಡುವರು.

"ಜಳಕಾ ಮಾಡಾಕ ಮ್ಯಾಲೆ ಹತ್ತಿ ಕೂಡ್ತೀರೇನ್ರಿ ಅಕ್ಕಾ?" ಎಂದು ನಾನು ಕಾಡಿಸಿದ್ದೆ.

"ಹೂಂ, ನೀ ಕೆಳಗ ಒಲಿ ಹಚ್ಚು."

ಸೀಲಿಂಗಿನ ಕೆಲಸಕ್ಕೆ ಬಂದವನು ಜೊಯಿಡಾದವನು, ಮನೆಮಾತು ಕೊಂಕಣಿ. ಅಕ್ಕ ಮಧ್ಯದ ಜಾಗ ತೋರಿಸಿ, "ಇಲ್ಲೆ ಹಂಡಿ ತೂಗಹಾಕೋದೈತಿ. ಗಟ್ಟಿ ಹುಕ್ ಹಾಕಪಾ," ಎಂದರು.

"ಹಂಡಿ ಅಲ್ರೀ? ಗೋವಾದ ಗುಡಿಗಳಾಗ ಎಷ್ಟ ಹಾಕೇನಿ. ಚಿಂತಿ ಬಿಡ್ರಿ."

ನಾನೂ ಅಲ್ಲೇ ಇದ್ದೆ. ಮಾತು ಸರಿಯಾಗಿಯೇ ಕೇಳಿಸಿತು. ಅವನು ಕೆಲಸ ಮುಗಿಸಿ ಹೋದ ಮೇಲೆ ಹಳಿಯಾಳದಿಂದ ಹಂಡೆ ಬಂತು. ತಂದವರು ಇದ್ದ ಹುಕ್ಕಿಗೆ ಸಿಕ್ಕಿಸಿ ಹೋದರು.

ಕೆಲವು ದಿನ ಅದು ಉರಿಯಿತು. ಕೌದಿಯ ಮೇಲೆ, ಜಮಖಾನದ ಮೇಲೆ, ನಮ್ಮ ಕೈಗಳ ಮೇಲೆ ಬೆಳಕಿನ ಚುಕ್ಕೆಗಳು. ಚಂದವಿತ್ತು. ಅದನ್ನು ಹೇಳಲೇಬೇಕು, ತುಂಬಾ ಚಂದವಿತ್ತು...

ಒಂದು ಸಂಜೆ ನಾನು ಅದರ ಕೆಳಗೇ ಕೂತಿದ್ದೆ. ಚಹದ ಕಪ್ಪಿನಲ್ಲಿ ಬಿಳಿ ಪುಡಿ ಬಿತ್ತು. "ನೀ ಆಕಡೆ ಸರಿ ತಂಗಿ, ಧೂಳ ಬೀಳಾಕತ್ತೈತಿ," ಎಂದು ಅಕ್ಕ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ನಾನಿದ್ದ ಜಾಗದಲ್ಲಿ ತಾವು ನಿಂತು, ಎಲ್ಲಿಂದ ಉದುರುತ್ತಿದೆ ಎಂದು ಕತ್ತೆತ್ತಿ ನೋಡಿದರು.

ಹಂಡೆ ಕಳಚಿ ಬಿದ್ದ ಸದ್ದು ನೆನಪಿಲ್ಲ. ಚುಕ್ಕೆಗಳೆಲ್ಲ ಒಮ್ಮೆಲೇ ಗೋಡೆಯ ಮೇಲೆ ಓಡಿದ್ದು ನೆನಪಿದೆ. ಅಂಬ್ಯುಲೆನ್ಸಿನಲ್ಲಿ ಧಾರವಾಡಕ್ಕೆ ಹೊರಟೆವು. ಹಳಿಯಾಳ ಬರುವುದರೊಳಗೆ ಅಕ್ಕನ ಉಸಿರು...

ಸುದ್ದಿ ತಿಳಿದು ಸೀಲಿಂಗಿನವನು ಬಂದ. ಹೊಸಿಲು ದಾಟಲಿಲ್ಲ. "ಅಕ್ಕಾರು ಹಂಡಿ ಅಂದ್ರಲ್ರೀ..." ಎಂದ. ಅವನ ಮಾತಿನಲ್ಲಿ ಹಂಡಿ ಎಂದರೆ ಗುಡಿಯಲ್ಲಿ ತೂಗುವ ಗಾಜಿನ ದೀಪ, ಹಗುರ. ಹುಕ್ಕನ್ನು ಸ್ಲ್ಯಾಬಿಗಲ್ಲ, ಸೀಲಿಂಗಿನ ತಗಡಿನ ಪಟ್ಟಿಗೇ ಹಾಕಿದ್ದ. ಮನೆಯನ್ನು ಮನಿ, ಒಲೆಯನ್ನು ಒಲಿ ಎನ್ನುವ ಅಕ್ಕ ಹಂಡೆಯನ್ನು ಇನ್ನೇನೆಂದು ಕರೆಯಬೇಕಿತ್ತು? ಅಲ್ಲಿದ್ದವರು ಯಾರೂ ಅವನನ್ನು ಬೈಯಲಿಲ್ಲ. ಒಳಗೆ ಕರೆಯಲೂ ಇಲ್ಲ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಟ್ಯೂಬ್‌ಲೈಟ್ ಹಾಕಿದ್ದಾರೆ. ನಾನು ಯಾರ ಮನೆಗೆ ಹೋದರೂ ಗೋಡೆ ಹಿಡಿದೇ ನಡೆಯುತ್ತೇನೆ, ಮೊದಲು ಮೇಲೆ ನೋಡುತ್ತೇನೆ. ಅಳು ಬರುವುದಿಲ್ಲ. ರಟ್ಟೆಯ ಮೇಲೆ ಅವರ ಹಿಡಿತ ಮಾತ್ರ ಆಗಾಗ ತಿಳಿಯುತ್ತದೆ.

ಇವತ್ತು ಮಧ್ಯಾಹ್ನ ಎದುರು ಮನೆಯ ಹೊಸ ಹೆಂಗಸು ಬಾಗಿಲಲ್ಲಿ ನಿಂತು, "ಇಲ್ಲೆ ನಮಗಿಂತ ಮೊದಲ ಇದ್ದವರು ಬಾಡಗಿಯವರೇನ್ರಿ?" ಎಂದು ಕೇಳಿದರು.

"ಇಲ್ರೀ," ಎಂದೆ. "ಸ್ವಂತ ಮನಿ. ಅವರದ."