ದಾರ ಬಿಚ್ಚಿದ ಪದ

೧೯೯೭ರಲ್ಲಿ ಹೊಳೆನರಸೀಪುರದಲ್ಲಿ ವೈಕುಂಠ ಸಮಾರಾಧನೆಯ ನೂರು ಕಾರ್ಡಿಗೆ ನೂರಿಪ್ಪತ್ತು ರೂಪಾಯಿ. ತೀರಿಕೊಂಡವರ ಭಾವಚಿತ್ರ ಬೇಕೆಂದರೆ ಹಾಸನದಲ್ಲಿ ಅಚ್ಚಿನ ಬ್ಲಾಕು ಮಾಡಿಸಿ ತರಬೇಕು, ಅದಕ್ಕೆ ಬೇರೆ ಐವತ್ತು. ಕೊನೆಯಲ್ಲಿ ‘ದುಃಖತಪ್ತರು’ ಎಂದು ಹಾಕಿ, ಕೆಳಗೆ ಎಷ್ಟು ಹೆಸರು ಬರೆಸಿದರೂ ಬಿಡಿಗಾಸಿಲ್ಲ. ಈ ದರವನ್ನು ಗೊತ್ತುಮಾಡಿದವರು, ಸುತ್ತಲ ನಾಲ್ಕು ತಾಲ್ಲೂಕಿನ ಅಚ್ಚಿನ ಕೆಲಸದವರೆಲ್ಲ ಗುರುವೆಂದು ಕರೆಯುವ, ಈಗ ನಿವೃತ್ತರಾಗುತ್ತಿರುವ ಶ್ರೀ ಸುಪಾರ್ಶ್ವಯ್ಯನವರು.

ಬಾಗೂರಿನಿಂದ ಬಂದು ಅಚ್ಚಿನ ಮೊಳೆ ಜೋಡಿಸಲು ಕೂತ ಅವರು, ಪ್ರತಿ ಸಾವಿನ ಕಾರ್ಡಿಗೂ ಬೇಕಾಗುವ ‘ದುಃಖತಪ್ತರು’ ಎಂಬ ಪದವನ್ನು ಬಿಡಿಸಿ ಮತ್ತೆ ಜೋಡಿಸುವುದೇಕೆಂದು ದಾರದಲ್ಲಿ ಬಿಗಿದು ಸಿದ್ಧವಾಗಿಯೇ ಇಟ್ಟುಕೊಂಡಿದ್ದರು. ಸೂತಕದ ಮನೆಯವರನ್ನು ಬೀದಿಗೆ ಅಲೆಸಬಾರದೆಂದು ಕರಡಚ್ಚನ್ನು ತಾವೇ ಒಯ್ದು ಓದಿ ಹೇಳುವುದು ಅವರ ಪದ್ಧತಿ.

ಆ ವರ್ಷ ಅರ್ಚಕರಾದ ಲಕ್ಷ್ಮೀನರಸಿಂಹಯ್ಯನವರು ತೀರಿಕೊಂಡರು. ಮಗ ಮಂಜುನಾಥ ಹೇಳಿ ಕಳಿಸಿದಂತೆಯೇ ಜೋಡಿಸಿದ್ದನ್ನು ಸುಪಾರ್ಶ್ವಯ್ಯನವರು ಜಗಲಿಯಲ್ಲಿ ನಿಂತು ಓದಿದರು. ಒಳಗಿನಿಂದ ಅರ್ಚಕರ ಹೆಂಡತಿ ಅಂಬುಜಮ್ಮನವರು ಕೇಳಿದರು: “ತಪ್ತ ಅಂದ್ರೆ ಏನು ಹೇಳು ಸುಪಾರ್ಶ್ವ?”

ಇಷ್ಟು ವರ್ಷ ಮುಟ್ಟಿದ ಪದದ ಅರ್ಥವನ್ನು ಯಾರೂ ಅವರನ್ನು ಕೇಳಿರಲಿಲ್ಲ. “ಕಾದೋರು ಕಣಮ್ಮ. ಒಲೆ ಮೇಲಿನ ಹೆಂಚು ಕಾದಂಗೆ.”

“ಹಾಗಾದ್ರೆ ನಮ್ಮ ಗೌರಿ ತಣ್ಣಗಿದಾಳೇನು?”

ಅರಕಲಗೂಡಿನಲ್ಲಿ ಟೀಚರಾಗಿದ್ದ ಮಗಳು ಶ್ರೀಗೌರಿ ಬೇರೆ ಜಾತಿಯವರನ್ನು ಮದುವೆಯಾಗಿದ್ದಳು; ಕಾರ್ಡಿನಲ್ಲಿ ಅವಳ ಹೆಸರಿರಲಿಲ್ಲ. ಅವಳ ಹೆಸರು ಹಾಕಿಸಿದರೆ ನೆಂಟರ್ಯಾರೂ ಎಲೆಯ ಮುಂದೆ ಕೂರುವುದಿಲ್ಲವೆಂದು ಮಂಜುನಾಥ ರೇಗಿದ. ಅಂಬುಜಮ್ಮನವರು ದನಿ ಏರಿಸಲಿಲ್ಲ. “ಹಾಗಾದ್ರೆ ನನ್ನ ಹೆಸರೂ ತೆಗೆಸು. ಅವಳನ್ನ ಹೆತ್ತೋಳು ನಾನೇ ಅಲ್ವೇ.”

ಹೇಳಿ ಕಳಿಸಿದಂತೆ ಅಚ್ಚು ಹಾಕದಿದ್ದರೆ ಇನ್ನು ಮನೆಯ ಅಚ್ಚಿನ ಕೆಲಸವೆಲ್ಲ ಹಾಸನಕ್ಕೇ ಎಂದು ಮಂಜುನಾಥ ಬೀದಿಯವರೆಗೂ ಬಂದು ಎಚ್ಚರಿಸಿದ. ಕಾರ್ಡು ಹಂಚಲು ದಿನಗಳೇ ಉಳಿದಿರಲಿಲ್ಲ. ಸುಪಾರ್ಶ್ವಯ್ಯನವರು ಆ ಮಧ್ಯಾಹ್ನವೆಲ್ಲ ಕೂತಲ್ಲಿ ಕೂರಲಾರದೆ ರಸ್ತೆಗೂ ಮುದ್ರಣಾಲಯಕ್ಕೂ ಓಡಾಡಿದರು. ಉಣ್ಣಲು ಬಿಚ್ಚಿದ ಬುತ್ತಿಯನ್ನು ಹಾಗೇ ಮುಚ್ಚಿದರು. ಕೊನೆಗೆ ಕೂತು ಆ ಪದದ ದಾರ ಬಿಚ್ಚಿ, ಮೊಳೆಗಳನ್ನು ಒಂದೊಂದಾಗಿ ಮತ್ತೆ ಜೋಡಿಸಿದರು.

ಸಂಜೆ ಎರಡು ಕರಡು ಹಿಡಿದು ಮತ್ತೆ ಆ ಮನೆಗೆ ಹೋದರು. “ನೋಡಿ ಸ್ವಾಮಿ, ಇದ್ರಲ್ಲಿ ತಾಯಿ ಮಗಳು ಇಬ್ರೂ ಅವ್ರೆ. ಇದ್ರಲ್ಲಿ ಇಬ್ರೂ ಇಲ್ಲ. ಯಾವ್ದಾದ್ರೂ ಸೈ. ಒಬ್ರನ್ನ ಬಿಟ್ಟು ಒಬ್ರು ಇರೋದು ನಮ್ಮಲ್ಲಿ ಅಚ್ಚಾಗಕಿಲ್ಲ.”

ತಾಯಿಯ ಹೆಸರಿಲ್ಲದ ಕಾರ್ಡನ್ನು ಊರಿಗೆ ಹೇಗೆ ಹಂಚುವುದು? ಮಂಜುನಾಥ ಎರಡನ್ನೂ ತಿರುವಿ ನೋಡಿ, ಮೊದಲನೆಯದನ್ನು ಅಚ್ಚಿಗೆ ಕೊಟ್ಟ.

ಅವನು ಹೇಳಿದ್ದು ಸುಳ್ಳಾಗಲಿಲ್ಲ. ಸಮಾರಾಧನೆಯ ದಿನ ಒಂದು ಸಾಲಿನ ಎಲೆಗಳು ಕೂರುವವರಿಲ್ಲದೆ ಹಾಗೇ ಉಳಿದವು. ಶ್ರೀಗೌರಿ ಅರಕಲಗೂಡಿನ ಬಸ್ಸಿಳಿದು, ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ಹೊಸಿಲು ದಾಟಿ ತಾಯಿಯ ಪಕ್ಕ ಕೂತಳು.

ಕಂಪ್ಯೂಟರ್ ಬಂದು ಮೊಳೆಗಳೆಲ್ಲ ಗುಜರಿಯವನ ತೂಕಕ್ಕೆ ಹೋಗುವವರೆಗೂ ಸುಪಾರ್ಶ್ವಯ್ಯನವರು ಆ ಪದವನ್ನು ಮತ್ತೆ ದಾರದಲ್ಲಿ ಕಟ್ಟಿಡಲಿಲ್ಲ. ಪ್ರತಿ ಮನೆಗೂ ಹೊಸದಾಗಿ ಜೋಡಿಸುತ್ತಿದ್ದರು, ಇನ್ಯಾರದಾದರೂ ಹೆಸರು ಬಿಟ್ಟುಹೋಗಿದೆಯೇ ಎಂದು ಕೇಳಿಯೇ ಯಂತ್ರಕ್ಕೆ ಹಾಳೆ ಹಾಕುತ್ತಿದ್ದರು. ಅವರ ಕಣ್ಣು ಮಸುಕಾಗದಿರಲಿ, ಬಾಗೂರಿನ ಜಗಲಿಯಲ್ಲಿ ಕೂತು ಊರವರ ಒಕ್ಕಣೆ ತಿದ್ದುವ ಕೆಲಸ ಬಹುಕಾಲ ಅವರ ಕೈಯಲ್ಲೇ ಇರಲಿ. ಆ ಕಾರ್ಡಿನಿಂದ ಮುದ್ರಣಾಲಯ ಒಂದು ಮನೆಯ ಗಿರಾಕಿಯನ್ನು ಕಳೆದುಕೊಂಡಿತು, ಮಂಜುನಾಥ ಮತ್ತೆ ಬರಲಿಲ್ಲ. ಅಂಬುಜಮ್ಮನವರಿಗೆ ಮಗಳು ಸಿಕ್ಕಳು.